ಮರು: ಕ್ಯಾಂಟರ್‌ನಲ್ಲಿ ಕತ್ತು ಮಡಚಿ ಎಳೆಯುವ ಕುದುರೆ

ರೇಸ್ ಬಿಟ್ಟ ಥರೋಬ್ರೆಡ್ ತಳಿಯ ಕುದುರೆ, ಕ್ಯಾಂಟರ್ (ನಾಗಾಲೋಟಕ್ಕಿಂತ ನಿಧಾನದ ಓಟ) ಶುರುವಾದ ಕೂಡಲೇ ಗದ್ದ ಎದೆಗೆ ಒತ್ತಿಕೊಂಡು ಓಡುತ್ತದೆ, ಎಷ್ಟು ಎಳೆದರೂ ನಿಲ್ಲುವುದಿಲ್ಲ ಅಂತ ಬರೆದಿದ್ದೀರಿ. ಆ ಎಳೆಯುವುದೇ ತೊಂದರೆ ಅಲ್ವಾ? ರೇಸ್ ಕುದುರೆಗೆ ಬಿಗಿ ಲಗಾಮು ಅಂದರೆ ಒರಗಿಕೊಂಡು ಓಡಲು ಆಸರೆ. ನೀವು ಎಳೆದಷ್ಟೂ ಅದು ಕತ್ತು ಮಡಚಿ ಕಡಿವಾಣದಿಂದ ತಪ್ಪಿಸಿಕೊಳ್ಳುತ್ತದೆ, ವೇಗ ಮಾತ್ರ ಇಳಿಯುವುದಿಲ್ಲ. ಫೋಟೊದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಹಣೆಯಿಂದ ನೆಲಕ್ಕೆ ನೇರ ಇಳಿಯುವ ಗೆರೆಗಿಂತ ಮೂಗು ಸ್ವಲ್ಪ ಮುಂದೆಯೇ ಇರಬೇಕು, ನೆತ್ತಿ ಎಲ್ಲಕ್ಕಿಂತ ಮೇಲಿರಬೇಕು.

ಮೊದಲು ಪಶುವೈದ್ಯರಿಗೆ ಕುದುರೆಯ ಹಲ್ಲು, ಬೆನ್ನು ತೋರಿಸಿ. ನೋವಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಇನ್ನೂ ಗಡುಸಾದ ಕಡಿವಾಣ ಹಾಕಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬಿಟ್ಟುಬಿಡಿ.

ಆಮೇಲೆ 20 ಮೀಟರ್ ವೃತ್ತದಲ್ಲಿ ಓಡಿಸಿ. ಹತ್ತು ಹೆಜ್ಜೆ ಕ್ಯಾಂಟರ್, ಟ್ರಾಟ್ (ಅದಕ್ಕಿಂತ ನಿಧಾನದ ಓಟ), ಮತ್ತೆ ಕ್ಯಾಂಟರ್. ಎಳೆತ ಶುರುವಾಗುವ ಮೊದಲೇ ಟ್ರಾಟ್‌ಗೆ ಇಳಿಸಬೇಕು, ಗುಟ್ಟು ಅಷ್ಟೇ. ಬೆನ್ನು ನೇರ ಮಾಡಿ, ವೃತ್ತದ ಹೊರಬದಿಯ ಲಗಾಮು ಒಂದು ಕ್ಷಣ ಹಿಡಿದು ಬಿಡಿ. ಬಿಡುವುದನ್ನು ಮರೆಯಬೇಡಿ. ನಾನು ತಿಂಗಳುಗಟ್ಟಲೆ ಮರೆತು ತೋಳು ನೋಯಿಸಿಕೊಂಡಿದ್ದೆ! ತಲೆ ಒಳಗೆ ಹೋದರೆ ಕೈ ತುಸು ಮೇಲೆತ್ತಿ, ಹಿಂದಕ್ಕಲ್ಲ. ಜೊತೆಗೆ ಮೆಲ್ಲಗೆ ಕಾಲು ಒತ್ತಿ. ಓಡುವ ಕುದುರೆಗೆ ಕಾಲು ಕೊಡುವುದಾ ಅಂತ ಭಯವಾಗುತ್ತದೆ. ಕೊಡಲೇಬೇಕು. ಹಿಂಗಾಲು ಹೊಟ್ಟೆಯ ಕೆಳಗೆ ಬಂದರೆ ಮುಂಭಾಗ ಹಗುರವಾಗುತ್ತದೆ, ಕೈ ಮೇಲಿನ ಭಾರವೂ ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ಬಯಲಿಗೆ ಒಯ್ಯಬೇಡಿ, ಬೇಲಿಯೊಳಗೇ ಇರಲಿ.