ಪಲ್ಲಾಡಿಯಂ ನಾಣ್ಯದ ಬೆಲೆ ಚಿನ್ನಕ್ಕಿಂತ ಇಷ್ಟೊಂದು ಏರಿಳಿಯುವುದೇಕೆ?

ಚಿನ್ನವನ್ನು ಜನ ಕೂಡಿಡಲು ಕೊಳ್ಳುತ್ತಾರೆ. ಪಲ್ಲಾಡಿಯಂ ಲೋಹವನ್ನು ಕಾರ್ಖಾನೆಗಳು ಬಳಸಲು ಕೊಳ್ಳುತ್ತವೆ. ಏರಿಳಿತದ ಮೂಲ ಇದೇ. ಈ ಲೋಹದ ಬಹುಪಾಲು ಪೆಟ್ರೋಲ್ ವಾಹನಗಳ ಕ್ಯಾಟಲಿಟಿಕ್ ಕನ್ವರ್ಟರ್‌ಗೆ, ಅಂದರೆ ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಭಾಗಕ್ಕೆ, ಹೋಗುತ್ತದೆ. ಗಣಿಯಿಂದ ಬರುವುದರಲ್ಲಿ ಹೆಚ್ಚಿನದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದ್ದು. ಅದೂ ನಿಕ್ಕಲ್, ಪ್ಲಾಟಿನಂ ತೆಗೆಯುವಾಗ ಜೊತೆಗೆ ಸಿಗುವಂಥದ್ದು. ಹಾಗಾಗಿ ಬೆಲೆ ಏರಿತೆಂದು ಉತ್ಪಾದನೆಯನ್ನು ತಟ್ಟನೆ ಹೆಚ್ಚಿಸಲಾಗದು. ಉಕ್ರೇನ್ ಯುದ್ಧ ಶುರುವಾದ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ, ಒಂದು ಟ್ರಾಯ್ ಔನ್ಸ್ (ಸುಮಾರು 31.1 ಗ್ರಾಂ) 3,000 ಡಾಲರ್ ದಾಟಿತ್ತು. ಎರಡು ವರ್ಷ ತುಂಬುವ ಮೊದಲೇ 1,000 ಡಾಲರ್‌ಗಿಂತ ಕೆಳಗಿಳಿಯಿತು!

ನಾಣ್ಯಕ್ಕೆ ಇನ್ನೊಂದು ತೊಡಕು: ಕೊಳ್ಳುವವರು ಕಡಿಮೆ. ಕೆನಡಾದ ಮೇಪಲ್ ಲೀಫ್, 2017ರಲ್ಲಿ ಬಂದ ಅಮೆರಿಕದ ಪಲ್ಲಾಡಿಯಂ ಈಗಲ್‌ನಂಥ ಹೆಸರಾಂತ ನಾಣ್ಯಗಳಲ್ಲೂ ವ್ಯಾಪಾರಿ ಮಾರುವ ಬೆಲೆಗೂ ಮರಳಿ ಕೊಳ್ಳುವ ಬೆಲೆಗೂ ಸಾಮಾನ್ಯವಾಗಿ ಚಿನ್ನಕ್ಕಿಂತ ಹೆಚ್ಚು ಅಂತರವಿರುತ್ತದೆ. ಲೋಹದ ಬೆಲೆ ಅಷ್ಟು ಏರಿದ ಮೇಲಷ್ಟೇ ನಿಮ್ಮ ಲಾಭ ಶುರು. ಸಂಗ್ರಹಕ್ಕಾದರೆ ಮಾತು ಬೇರೆ. ಈಗಲ್‌ನ ಮೇಲಿನ, ರೆಕ್ಕೆಯ ಟೋಪಿ ತೊಟ್ಟ ಲಿಬರ್ಟಿಯ (ಸ್ವಾತಂತ್ರ್ಯವನ್ನು ಹೆಣ್ಣಾಗಿ ಕಲ್ಪಿಸಿದ ರೂಪ) ಮುಖವನ್ನು ನೋಡಲೆಂದೇ ಕೊಳ್ಳುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.