ಹತ್ತುವುದು ಬಿಡು, ಇಳಿಯುವುದು ಕೇಳು

ತಮ್ಮಾ, ಗದಗಿನಿಂದ ಪಿಕಪ್ ತಂದು, ಟ್ರೈಲರ್ ಮೇಲಿನ ಜನರೇಟರನ್ನು ಬಾಡಿಗೆಗೆ ಕೊಟ್ಟು ಪುಣೆಯಲ್ಲಿ ಬದುಕಬಹುದೇ, ಒಂದೂವರೆ ಟನ್ ಎಳೆದುಕೊಂಡು ಗಾಡಿ ಇಲ್ಲಿಯ ಘಾಟುಗಳನ್ನು ಹತ್ತೀತೇ ಎಂದು ಕೇಳಿದ್ದೀಯ. ಬದುಕಬಹುದು. ಗಾಡಿಯೂ ಹತ್ತುತ್ತದೆ. ನೀನು ಕೇಳಬೇಕಾದದ್ದು ಇಳಿಯುವುದರ ಬಗ್ಗೆ.

ದುಡ್ಡು ಇರುವುದು ಲೋಣಾವಳ, ಪಂಚಗಣಿ, ಮಹಾಬಳೇಶ್ವರದ ರೆಸಾರ್ಟ್ ಮದುವೆಗಳಲ್ಲಿ. ವಾಯಿ ದಾಟಿದರೆ ಪಸರಣಿ ಘಾಟ್; ಹನ್ನೆರಡು-ಹದಿಮೂರು ಕಿಲೋಮೀಟರಿನಲ್ಲಿ 500 ಮೀಟರಿಗೂ ಹೆಚ್ಚು ಏರು. ಏರುವಾಗ ಇಂಜಿನ್ ಬಿಸಿಯಾದರೆ ಬದಿಗೆ ನಿಲ್ಲಿಸಿ ಚಹಾ ಕುಡಿಯಬಹುದು. ಮರುದಿನ ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಿನಲ್ಲಿ ಅದೇ ಭಾರದೊಂದಿಗೆ ಇಳಿಯುತ್ತೀಯಲ್ಲ, ಪರೀಕ್ಷೆ ಅಲ್ಲಿದೆ. ಹತ್ತಿದ ಗೇರಿನಲ್ಲೇ, ಸಾಧ್ಯವಾದರೆ ಅದಕ್ಕಿಂತ ಕೆಳಗಿನದರಲ್ಲಿ ಇಳಿ, ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿನ ಮೇಲೆ ಕಾಲಿಟ್ಟೇ ಇರಬೇಡ, ಅದು ಕಾಯುತ್ತದೆ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟುಬಿಡು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬೇಕಾದ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್, ತೇವ ಕುಡಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಲ್ಲದು. ಆಗ ಆಯಿಲ್‌ನಲ್ಲಿ ಆವಿಯ ಗುಳ್ಳೆ ಎದ್ದು ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ಟ್ರೈಲರಿಗೆ ಸ್ವಂತ ಬ್ರೇಕ್ ಇದೆಯೇ ಎಂದು ನೀನು ಬರೆದಿಲ್ಲ. ಇಲ್ಲದಿದ್ದರೆ ಹಾಕಿಸದೆ ಊರು ಬಿಡಬೇಡ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಜಾಣರು ನಮ್ಮ ಕಡೆಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಈಗಿನ ಡೀಸೆಲ್ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಯೇ ಅದು ಉರಿಯುವುದು! ನೀನು ಬರುವ ದಾರಿಯಲ್ಲೇ, ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. ಅಗಲವಾದ ರಸ್ತೆ, ಘಾಟ್ ಎಂದು ಅನಿಸುವುದೇ ಇಲ್ಲ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಲಾರಿ ನುಗ್ಗಿ 48 ವಾಹನಗಳು ಜಖಂಗೊಂಡವು.

ಭಾರ ಕೂರಿಸುವುದನ್ನು ಕೂಲಿಯವರಿಗೆ ಬಿಡಬೇಡ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು, ಅದನ್ನು ಪಿಕಪ್‌ಗೆ ಸಿಕ್ಕಿಸುವ ಕೊಂಡಿಯ ಮೇಲೆ ಬೀಳಬೇಕು. ಒಂದೂವರೆ ಟನ್ನಿಗೆ 150ರಿಂದ 225 ಕಿಲೋ. ಕಡಿಮೆಯಾದರೆ ಟ್ರೈಲರ್ ಬಾಲ ಬೀಸಿದಂತೆ ಅತ್ತಿತ್ತ ಹೊರಳುತ್ತದೆ. ಹೆಚ್ಚಾದರೆ ಪಿಕಪ್ ಹಿಂದೆ ಕುಸಿದು, ಹೆಡ್‌ಲೈಟ್ ಮರದ ತುದಿ ನೋಡುತ್ತದೆ, ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಹೊರಳತೊಡಗಿದರೆ ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡು, ಪಿಕಪ್‌ನ ಬ್ರೇಕನ್ನು ಒಮ್ಮೆಲೇ ಒತ್ತಬೇಡ. ಟ್ರೈಲರನ್ನು ಪಿಕಪ್‌ಗೆ ಬಿಗಿಯುವ ಸುರಕ್ಷತೆಯ ಸರಪಳಿ ಎರಡನ್ನೂ ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯುವಂತೆ ಕಟ್ಟು. ಕೊಂಡಿ ಕಳಚಿದರೂ ಟ್ರೈಲರಿನ ಮೂತಿ ರಸ್ತೆಗೆ ಬಡಿಯುವುದಿಲ್ಲ.

ಇನ್ನು ಕಾಗದಪತ್ರ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಇರಬೇಕು, ವಿಮೆಯನ್ನೂ ವಿಚಾರಿಸಿಕೋ. ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟರೆ ಮಹಾರಾಷ್ಟ್ರದ ನಂಬರಿಗೆ ಬದಲಿಸಬೇಕು. ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡೇ ಹೊರಡು. ಭಾಷೆಯ ಚಿಂತೆ ಬೇಡ, ಮರಾಠಿ ಕಿವಿಗೆ ಬಿದ್ದಂತೆ ಬರುತ್ತದೆ.

ಬಾಡಿಗೆ ಮನೆ ಸಿಗುತ್ತದೆ, ಟ್ರೈಲರ್ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಅಪಾರ್ಟ್‌ಮೆಂಟಿನವರು ಗೇಟಿನೊಳಗೆ ಬಿಡುವುದಿಲ್ಲ. ನವಲೆ ಸೇತುವೆಯ ಬಳಿಯ ನರ್ಹೆಯ ಗೋದಾಮುಗಳ ಕಡೆ ಕೇಳಿ ನೋಡುತ್ತೇನೆ. ಕೊಂಡಿಯನ್ನೂ ಸೇರಿಸಿ ಉದ್ದ ಎಷ್ಟಾಗುತ್ತದೆ ಎಂದು ಅಳೆದು ತಿಳಿಸು.