ಮಲಗಿ ರಕ್ತ ಕೊಡಿ, ನಾಚಿಕೆ ಯಾಕೆ?

ತುಮಕೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 43. ಅಪ್ಪನಿಗೆ ಶುಗರ್ ಇತ್ತು. ಈಗ ಇವರಿಗೂ ಬಾಯಾರಿಕೆ ಜಾಸ್ತಿ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕು. ಡಾಕ್ಟರು ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟು ನಾಲ್ಕು ತಿಂಗಳಾಯಿತು, ಚೀಟಿ ಇನ್ನೂ ಪರ್ಸಿನಲ್ಲೇ ಇದೆ. ಹೋದ ವರ್ಷ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಎದ್ದು ನಿಂತವರು ಅಲ್ಲೇ ಬಿದ್ದು, ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡರಂತೆ. "ಮೇಡಂ, ಕತ್ತಲಲ್ಲಿ ಒಬ್ಬನೇ ತೋಟಕ್ಕೆ ನೀರು ಹಾಯಿಸೋಕೆ ಹೋಗ್ತೀನಿ, ಹಾವಿಗೆ ಹೆದರಿದವನಲ್ಲ. ಈ ಸಣ್ಣ ಸೂಜಿ ಮುಂದೆ ಮಾತ್ರ ಮಾನ ಹೋಗುತ್ತೆ. ಮನೆಯವಳು ನಗ್ತಾಳೆ. ಈಗ ಎಂಟು ವರ್ಷದ ಮಗಳೂ ಹಾಗೇ ಆಡ್ತಿದ್ದಾಳೆ. ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೇಗೆ?" ಇದು ಪ್ರಶ್ನೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪಿದೆ, ಮೊದಲು ಅದನ್ನು ತೆಗೆದುಬಿಡೋಣ. ಗಟ್ಟಿ ಮಾಡಬೇಕಾದ್ದು ಮನಸ್ಸಲ್ಲ. ತೊಡೆ, ಹೊಟ್ಟೆ, ಇನ್ನೊಂದು ಕೈ. ತಮಾಷೆ ಮಾಡುತ್ತಿಲ್ಲ.

ಹಾವಿನ ಮಾತು ನೀವೇ ಎತ್ತಿದ್ದು ಒಳ್ಳೆಯದಾಯಿತು. ಕಾಲ ಹತ್ತಿರ ಹಾವು ಸರಿದರೆ ಎದೆ ಡವಡವ ಅನ್ನುತ್ತೆ, ಬಿಪಿ ಏರುತ್ತೆ, ಓಡೋಕೆ ಮೈ ರೆಡಿ ಆಗುತ್ತೆ. ಹಾಗೆ ಹೆದರಿದವರು ಸಾಮಾನ್ಯವಾಗಿ ಪ್ರಜ್ಞೆ ತಪ್ಪುವುದಿಲ್ಲ. ಸೂಜಿ, ರಕ್ತ, ಗಾಯದ ಭಯ ಬೇರೆ ಥರ. ಇದರಲ್ಲಿ ಬಿಪಿ ಮೊದಲು ಸ್ವಲ್ಪ ಏರಿ, ಆಮೇಲೆ ಧಡಕ್ಕನೆ ಇಳಿಯುತ್ತೆ. ವೇಗಸ್ ಅನ್ನುವ ನರ ಎದೆ ಬಡಿತವನ್ನು ನಿಧಾನ ಮಾಡುತ್ತೆ, ಕಾಲಿನ ಕಡೆಯ ರಕ್ತನಾಳಗಳು ಸಡಿಲ ಆಗುತ್ತವೆ, ರಕ್ತ ಕೆಳಗೆ ಇಳಿದು ಮಿದುಳಿಗೆ ಸಾಲದೆ ಹೋಗುತ್ತೆ. ಆಕಳಿಕೆ, ತಣ್ಣನೆ ಬೆವರು, ಹೊಟ್ಟೆ ತೊಳಸೋದು, ಕಿವಿ ಗುಂಯ್ ಅನ್ನೋದು, ಕಣ್ಣು ಕತ್ತಲೆ, ಆಮೇಲೆ ನೆಲ. ಅಡ್ಡ ಬಿದ್ದ ತಕ್ಷಣ ರಕ್ತ ತಲೆಗೆ ವಾಪಸ್ ಬರುತ್ತೆ, ಒಂದೆರಡು ನಿಮಿಷದಲ್ಲಿ ಎಚ್ಚರ ಆಗುತ್ತೆ. ಇದಕ್ಕೂ ಗಂಡಸುತನಕ್ಕೂ ಏನೂ ಸಂಬಂಧ ಇಲ್ಲ. ಮನೆತನದಲ್ಲಿ ಹರಿದು ಬರುವ ಗುಣ ಇದು. ನಿಮ್ಮ ಅಪ್ಪನ ಕಡೆಯೋ ಅಮ್ಮನ ಕಡೆಯೋ ಯಾರಿಗಾದರೂ ಹೀಗಾಗುತ್ತಿತ್ತಾ ವಿಚಾರಿಸಿ ನೋಡಿ, ಸಿಕ್ಕರೂ ಸಿಗಬಹುದು.

ನಾನೂ ಬಿದ್ದವಳೇ. ಕೆಲಸಕ್ಕೆ ಸೇರಿದ ಹೊಸದು, ಮೆಡಿಕಲ್ ಮಾಡಿಸಲು ಹೋಗಿದ್ದೆ, ಬೆಳಿಗ್ಗೆಯಿಂದ ತೊಟ್ಟು ನೀರೂ ಕುಡಿಯದೆ ಒಂದು ಗಂಟೆ ಸಾಲಿನಲ್ಲಿ ನಿಂತು, ಕುರ್ಚಿಗೆ ಬರುವ ಹೊತ್ತಿಗೇ ಅರ್ಧ ಜೀವ ಆಗಿತ್ತು. ಕಣ್ಣು ಬಿಟ್ಟಾಗ ಯಾರೋ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ಇನ್ಯಾರೋ "ಇಷ್ಟಕ್ಕೆಲ್ಲಾನಾ?" ಅಂದರು. ಆ ಮಾತು ಇವತ್ತಿಗೂ ನೆನಪಿದೆ, ಸೂಜಿ ಚುಚ್ಚಿದ್ದು ನೆನಪಿಲ್ಲ. ಆಮೇಲೆ ಎಷ್ಟೋ ವರ್ಷ ಎಲ್ಲರೂ ಹೇಳಿದ್ದನ್ನೇ ಮಾಡಿದೆ: ಉದ್ದ ಉಸಿರು ಎಳೆದುಕೋ, ಮೈ ಸಡಿಲ ಬಿಡು. ನಮ್ಮಂಥವರಿಗೆ ಇದು ಉಲ್ಟಾ ಉಪದೇಶ. ಬಿಪಿ ಇಳಿಯುವ ಹೊತ್ತಿನಲ್ಲಿ ಮೈ ಇನ್ನಷ್ಟು ಸಡಿಲ ಬಿಟ್ಟರೆ ಏನಾಗುತ್ತೆ ಹೇಳಿ? ಎದೆ ಡವಡವ ಅಂದರೂ ಯಾವತ್ತೂ ಪ್ರಜ್ಞೆ ತಪ್ಪದವರಿಗೆ ನಿಧಾನ ಉಸಿರಾಟ ಸರಿಯೇ. ಬೀಳುವವರಿಗೆ ಬೇರೆ ದಾರಿ.

ಆ ದಾರಿಯನ್ನು 1980ರ ದಶಕದಲ್ಲಿ ಸ್ವೀಡನ್‌ನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರನ್ ಓಸ್ಟ್ ಮತ್ತು ಜೊತೆಯವರು ರೂಪಿಸಿದರು. ಮಾಡುವುದು ಸುಲಭ. ಕೂತುಕೊಂಡು ಕಾಲು, ಹೊಟ್ಟೆ, ಕೈಗಳ ಸ್ನಾಯುಗಳನ್ನು ಬಿಗಿ ಮಾಡಿ, ಮುಖ ಬೆಚ್ಚಗಾಗುವವರೆಗೆ, ಅಂದರೆ 10-15 ಸೆಕೆಂಡು ಹಿಡಿಯಿರಿ. ಉಸಿರು ಕಟ್ಟಬೇಡಿ. ಆಮೇಲೆ ಬಿಡಿ, ಆದರೆ ಪೂರ್ತಿ ಸಡಿಲ ಅಲ್ಲ, ಮಾಮೂಲಿ ಸ್ಥಿತಿಗೆ ಬಂದರೆ ಸಾಕು. 20-30 ಸೆಕೆಂಡು ಬಿಟ್ಟು ಮತ್ತೆ. ಹೀಗೆ ಐದು ಸಲ. ಬಿಪಿ ಇಳಿಯದಂತೆ ತಡೆಯುವುದೇ ಇದರ ಕೆಲಸ. ಒಂದು ವಾರ ದಿನಕ್ಕೆ ನಾಲ್ಕೈದು ಬಾರಿ ಮನೆಯಲ್ಲೇ ಅಭ್ಯಾಸ ಮಾಡಿ, ಟಿವಿ ನೋಡುತ್ತಲೂ ಆಗುತ್ತೆ. ಲ್ಯಾಬಿನಲ್ಲಿ ಸೂಜಿ ಚುಚ್ಚಿಸಿಕೊಳ್ಳುವ ಕೈ ಮಾತ್ರ ಸಡಿಲ ಇರಲಿ, ಉಳಿದದ್ದೆಲ್ಲ ಬಿಗಿ. ಬಿಪಿ ಜಾಸ್ತಿ ಇದ್ದರೆ ಅಥವಾ ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇನ್ನು ನೀರು. ಖಾಲಿ ಹೊಟ್ಟೆ ಅಂದರೆ ನಮ್ಮಲ್ಲಿ ಅರ್ಧ ಜನ ಏಕಾದಶಿ ಥರ ನಿರ್ಜಲ ಉಪವಾಸ ಮಾಡಿಕೊಂಡು ಬರುತ್ತಾರೆ. ಶುಗರ್ ಪರೀಕ್ಷೆಗೆ ಕಾಫಿ, ಟೀ, ತಿಂಡಿ ಬೇಡ, ಬರೀ ನೀರು ಕುಡಿಯಬಹುದು. ಹೊರಡುವ ಮುಂಚೆ ಎರಡು ಲೋಟ ಕುಡಿಯಿರಿ, ಚುಚ್ಚಲು ರಕ್ತನಾಳವೂ ಬೇಗ ಸಿಗುತ್ತೆ. ಹಾಗೇ ಡಾಕ್ಟರನ್ನು ಎಚ್‌ಬಿಎ1ಸಿ ಬಗ್ಗೆಯೂ ಕೇಳಿ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು, ಇಡ್ಲಿ ತಿಂದುಕೊಂಡೇ ಹೋಗಬಹುದು. ಯಾವುದು ಬೇಕು ಅನ್ನುವುದನ್ನು ಅವರೇ ಹೇಳಲಿ.

ಲ್ಯಾಬಿಗೆ ಕಾಲಿಟ್ಟ ತಕ್ಷಣ ಒಂದು ಮಾತು: "ನಂಗೆ ತಲೆ ಸುತ್ತು ಬರುತ್ತೆ, ಮಲಗಿ ಕೊಡ್ತೀನಿ." ಇಷ್ಟೇ. ಅವರಿಗೆ ಇದು ಹೊಸದೇನಲ್ಲ, ನೀವು ಬಿದ್ದರೆ ಅವರಿಗೇ ಕೆಲಸ ಜಾಸ್ತಿ. ಮಂಚ ಇಲ್ಲ ಅಂದರೆ ಇರುವ ಕಡೆ ಹೋಗಿ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವವರು ಈಗ ಎಷ್ಟೋ ಊರಿನಲ್ಲಿದ್ದಾರೆ, ನಿಮ್ಮ ಮಂಚದ ಮೇಲೇ ಮಲಗಿ ಕೈ ಚಾಚಿದರಾಯಿತು. ಸೂಜಿ ತೆಗೆದ ಮೇಲೂ ಹತ್ತಿ ಒತ್ತಿಕೊಂಡು ಹತ್ತು ನಿಮಿಷ ಮಲಗೇ ಇರಿ. ನೀವು ಬಿದ್ದಿದ್ದು ಎದ್ದು ನಿಂತಾಗ ಅಲ್ವಾ? ನನ್ನ ಥೈರಾಯ್ಡ್ ಪರೀಕ್ಷೆಗಳೆಲ್ಲ ಈಗ ಹೀಗೇ ನಡೆಯೋದು, ನೋಡುವವರು ನೋಡಲಿ.

ಸೂಜಿ ಒಂದು ಮಿಲಿಮೀಟರಿಗಿಂತ ಸಣ್ಣ, ತೆಗೆಯುವ ರಕ್ತ ಒಂದೆರಡು ಚಮಚ, ಮೈಯಲ್ಲಿರುವುದು ಸುಮಾರು 5 ಲೀಟರ್. ಈ ಲೆಕ್ಕ ನನಗೆ ಯಾವತ್ತೂ ಧೈರ್ಯ ಕೊಟ್ಟಿಲ್ಲ, ಸುಮ್ನೆ ಹೇಳಿದೆ. ನೋವಿನದ್ದೇ ಭಯವಾದರೆ ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಕ್ರೀಮ್ ಇದೆ, ಸುಮಾರು ಒಂದು ಗಂಟೆ ಮುಂಚೆ ಹಚ್ಚಬೇಕು, ಡಾಕ್ಟರನ್ನು ಕೇಳಿ ಹಚ್ಚಿ.

ಮಗಳ ವಿಷಯಕ್ಕೆ ಬರೋಣ. "ಊಟ ಮಾಡದಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ" ಅಂತ ನಿಮ್ಮ ಮನೆಯಲ್ಲಿ ಯಾರೂ ಅಂದಿಲ್ಲ ತಾನೇ? ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಅನ್ನುತ್ತಾರೆ, ನಾನೂ ಅಂದಿದ್ದೇನೆ. ಇವತ್ತಿಗೇ ನಿಲ್ಲಿಸಿ. "ಏನೂ ನೋವಾಗಲ್ಲ" ಅನ್ನುವ ಸುಳ್ಳೂ ಬೇಡ. ಇರುವೆ ಕಚ್ಚಿದ ಹಾಗಾಗುತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ ಅನ್ನಿ. ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳುವ ಕೆಲಸ ಮನೆಯವರು ಮಾಡಲಿ. ನೀವು ಆ ದಿನ ಹೊರಗಿರಿ, ಇಬ್ಬರನ್ನು ಎತ್ತುವುದು ಅವರಿಗೂ ಕಷ್ಟ.

ಇಷ್ಟೆಲ್ಲ ಮಾಡಿಯೂ ಲ್ಯಾಬಿನ ಬಾಗಿಲು ದಾಟಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸೂಜಿಯ ಚಿತ್ರ ನೋಡುವುದರಿಂದ ಶುರು ಮಾಡಿ, ಬೇರೆಯವರ ಜೊತೆ ಸುಮ್ಮನೆ ಲ್ಯಾಬಿಗೆ ಹೋಗಿ ಬರುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುವ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಇದ್ದಾರೆ. ಆದರೆ ನೀವು ಹೇಳಿದ ಬಾಯಾರಿಕೆ, ರಾತ್ರಿ ಏಳುವುದು, ಅಪ್ಪನ ಶುಗರ್ ಮೂರನ್ನೂ ಸೇರಿಸಿದರೆ ನಾಲ್ಕು ತಿಂಗಳು ಕಾದಿದ್ದೇ ಜಾಸ್ತಿ. ಈ ವಾರ ಅಭ್ಯಾಸ, ಬರುವ ವಾರ ಪರೀಕ್ಷೆ.

ಆದ ಮೇಲೆ ಒಂದು ಕಾರ್ಡು ಹಾಕಿ. ಸಕ್ಕರೆ ಎಷ್ಟಿತ್ತು ಅಂತ ಡಾಕ್ಟರಿಗೆ ತೋರಿಸಿ, ನನಗೆ ಬೇಡ. ಮಂಚ ಕೇಳಿದ್ರೋ ಇಲ್ವೋ, ಅದನ್ನು ಬರೆಯಿರಿ.

— ಸಂಪಾದಕಿ